ತೋಟವನ್ನೇ ಬರೆದುಕೊಟ್ಟವರು

ಮಕ್ಕಳೇ, ಶಾಲೆಯಲ್ಲಿ ಬಿಸಿಯೂಟಕ್ಕೆ ಕೂತಾಗ ಅನ್ನ, ಸಾಂಬಾರಿನ ಪಕ್ಕದಲ್ಲಿ ಬೇಯಿಸಿದ ಮೊಟ್ಟೆ ಬರುತ್ತದಲ್ಲ? ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅದರ ದುಡ್ಡು ಯಾರು ಕೊಡುತ್ತಾರೆ ಎಂದು ಯಾವತ್ತಾದರೂ ಯೋಚಿಸಿದ್ದೀರಾ?

ಪುತ್ತೂರು, ಸುಳ್ಯ, ಕಡಬದ ಮಕ್ಕಳನ್ನು ಕೇಳಿದರೆ ಹೆಚ್ಚಿನವರು ‘ಸರ್ಕಾರ’ ಎನ್ನುತ್ತಾರೆ. ಅದು ಅರ್ಧ ಸರಿ. ಬಿಸಿಯೂಟ ಸರ್ಕಾರದ್ದೇ. ನಮ್ಮ ರಾಜ್ಯದಲ್ಲಿ 2002ರಲ್ಲಿ ಏಳು ಜಿಲ್ಲೆಗಳಲ್ಲಿ ಆರಂಭವಾದ ‘ಅಕ್ಷರ ದಾಸೋಹ’ ಆಮೇಲೆ ಎಲ್ಲ ಜಿಲ್ಲೆಗಳಿಗೂ ಬಂತು. ವಾರದಲ್ಲಿ ಎರಡು ದಿನದ ಮೊಟ್ಟೆಯ ಖರ್ಚೂ ಸರ್ಕಾರದ್ದು. ಉಳಿದ ನಾಲ್ಕು ದಿನದ ಮೊಟ್ಟೆಗೆ ಹಣ ಕೊಡಲು ಒಪ್ಪಿದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ. 2024ರ ಜುಲೈಯಲ್ಲಿ ಅದು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಒಂದರಿಂದ ಹತ್ತನೆಯ ತರಗತಿಯವರೆಗಿನ ಸುಮಾರು 55 ಲಕ್ಷ ಮಕ್ಕಳಿಗೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕೋಟಿ ಎಂದು ಕಂಡರೆ ಪೆನ್ಸಿಲ್ ಹಿಡಿದು ಭಾಗಿಸುವುದು ಹಳೆಯ ಚಾಳಿ. ನೀವೂ ಜತೆಗೆ ಲೆಕ್ಕ ಮಾಡಿ. ವರ್ಷಕ್ಕೆ 500 ಕೋಟಿ. ಅದನ್ನು 55 ಲಕ್ಷದಿಂದ ಭಾಗಿಸಿದರೆ ಒಂದು ಮಗುವಿಗೆ ಸುಮಾರು 909 ರೂಪಾಯಿ. ಮೊಟ್ಟೆಗೆ ಆರು ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 150 ಮೊಟ್ಟೆ. ವಾರಕ್ಕೆ ನಾಲ್ಕರಂತೆ 37 ವಾರ. ಶಾಲೆಯ ಒಂದು ವರ್ಷ ಹೆಚ್ಚುಕಡಿಮೆ ಅಷ್ಟೇ ಅಲ್ಲವೇ? ಲೆಕ್ಕ ಕೂಡಿತು!

ವನಸ್ಪತಿಯಿಂದ ಕಂಪ್ಯೂಟರ್‌ಗೆ

ಇಷ್ಟು ಹಣ ಎಲ್ಲಿಂದ ಬಂತು? 1945ರಲ್ಲಿ ಮಹಾರಾಷ್ಟ್ರದ ಅಮಲನೇರ್‌ನಲ್ಲಿ ಮೊಹಮ್ಮದ್ ಹಾಶಂ ಪ್ರೇಮ್‌ಜಿಯವರು ವನಸ್ಪತಿ ತಯಾರಿಸುವ ಕಂಪನಿ ಆರಂಭಿಸಿದರು. 1966ರಲ್ಲಿ ಅವರು ತೀರಿಕೊಂಡಾಗ ಮಗ ಅಜೀಂ ಅಮೆರಿಕದಲ್ಲಿ ಓದುತ್ತಿದ್ದರು. 21 ವರ್ಷದ ಹುಡುಗ ಓದು ಬಿಟ್ಟು ಬಂದು ಕಂಪನಿಯ ಹೊಣೆ ಹೊತ್ತರು. ಎಣ್ಣೆ, ಸಾಬೂನಿನ ಆ ಕಂಪನಿ 1980ರ ದಶಕದಲ್ಲಿ ಕಂಪ್ಯೂಟರಿಗೆ ಕೈಹಾಕಿತು. ಅದೇ ಇಂದಿನ ವಿಪ್ರೋ, ಬೆಂಗಳೂರಿನದು.

ಹಣ್ಣು ಬೇರೆ, ಮರ ಬೇರೆ

ಈಗ ನಮ್ಮೂರಿನ ಲೆಕ್ಕಕ್ಕೆ ಬರೋಣ. ಇಬ್ಬರಿಗೆ ಅಡಿಕೆ ತೋಟ ಇದೆ ಎಂದುಕೊಳ್ಳಿ. ಮೊದಲನೆಯವರು ಪ್ರತಿವರ್ಷ ಚಾಲಿ ಮಾರಿ ಬಂದ ಹಣದಲ್ಲಿ ಸ್ವಲ್ಪ ಶಾಲೆಗೆ ಕೊಡುತ್ತಾರೆ. ಒಳ್ಳೆಯ ಕೆಲಸವೇ. ಎರಡನೆಯವರು ಮೂರು ಎಕರೆಯಲ್ಲಿ ಎರಡು ಎಕರೆಯ ಫಸಲು ಇನ್ನು ಮುಂದೆ ಶಾಲೆಗೇ ಸೇರತಕ್ಕದ್ದು, ತಾನಾಗಲೀ ತನ್ನ ಮಕ್ಕಳಾಗಲೀ ಅದನ್ನು ಹಿಂದಕ್ಕೆ ಕೇಳುವಂತಿಲ್ಲ ಎಂದು ಬರೆದುಕೊಡುತ್ತಾರೆ. ಮೊದಲನೆಯವರು ಕೊಟ್ಟದ್ದು ಹಣ್ಣು, ಎರಡನೆಯವರು ಕೊಟ್ಟದ್ದು ಮರ.

ಕಂಪನಿಯ ಶೇರು ಎಂದರೆ ಒಡೆತನದ ಒಂದು ತುಂಡು. ಲಾಭ ಬಂದಾಗ ಆ ತುಂಡಿಗೆ ಸಿಗುವ ಪಾಲೇ ಡಿವಿಡೆಂಡ್. ಪ್ರೇಮ್‌ಜಿಯವರು 2010ರಲ್ಲಿ ಸುಮಾರು 8,846 ಕೋಟಿ ರೂಪಾಯಿಯ ಶೇರುಗಳನ್ನು ದಾನದ ಕೆಲಸಕ್ಕೆಂದು ಬಿಟ್ಟುಕೊಟ್ಟರು. 2019ರ ಮಾರ್ಚ್ ಹೊತ್ತಿಗೆ ವಿಪ್ರೋದ ಒಡೆತನದಲ್ಲಿ ಶೇಕಡಾ 67ರ ಫಲ ಪ್ರತಿಷ್ಠಾನಕ್ಕೆ ಸಲ್ಲುವಂತಾಯಿತು. ಒಟ್ಟು ದಾನ ಆಗಿನ ಬೆಲೆಯಲ್ಲಿ 1,45,000 ಕೋಟಿ ರೂಪಾಯಿ. ಪೂರ್ತಿ ಬರೆಯುವುದಾದರೆ 145ರ ಮುಂದೆ ಹತ್ತು ಸೊನ್ನೆ ಹಾಕಬೇಕು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇಕಡಾ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದು ಕಾನೂನು ಹೇಳಿದ ಖರ್ಚು. ಪ್ರೇಮ್‌ಜಿಯವರು ಕೊಟ್ಟದ್ದು ತಮ್ಮ ಸ್ವಂತದ್ದು, ಯಾವ ಕಾನೂನೂ ಕೇಳದ್ದು.

ಹಳದಿ ರೋಗ ಬಂದರೆ?

‘ಅಷ್ಟು ದುಡ್ಡಿದ್ದವರು ಕೊಟ್ಟರೆ ಏನು ದೊಡ್ಡ ಸಂಗತಿ?’ ಎಂದು ನನ್ನ ಪ್ರಾಯದ ಗೆಳೆಯರು ಕೇಳುವುದುಂಟು. ಇದ್ದವರೆಲ್ಲ ಕೊಡುವುದಿಲ್ಲ ಎಂಬುದನ್ನು ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅವರ ಇನ್ನೊಂದು ಪ್ರಶ್ನೆಯಲ್ಲಿ ಹುರುಳಿದೆ: ‘ನಮ್ಮ ಮಕ್ಕಳ ಊಟ ಒಬ್ಬರ ದಾನವನ್ನು ನೆಚ್ಚಿಕೊಂಡಿರಬಹುದೇ?’

ಸುಳ್ಯದ ಕಡೆ ಹಳದಿ ರೋಗ ತೋಟಗಳನ್ನು ಏನು ಮಾಡಿತೆಂದು ಕಂಡವರು ನಾವು. ಬಂಗಾರದಂಥ ತೋಟದಲ್ಲೂ ಫಸಲು ಇಳಿದುಹೋಗಬಹುದು. ಕಂಪನಿಯ ಶೇರಿಗೂ ಹಾಗೆಯೇ ಏಳುಬೀಳು ಇದೆ. ಒಪ್ಪಂದ ಮೂರು ವರ್ಷದ್ದು. ಮಗುವಿನ ಹಸಿವಿಗೆ ಅಂಥ ಅವಧಿ ಇಲ್ಲ. ದಾನಿ ಕೈಹಿಡಿದು ಎಬ್ಬಿಸಬಹುದು. ಕೊನೆಯವರೆಗೆ ನಡೆಸಬೇಕಾದ್ದು ಸರ್ಕಾರ, ಅಂದರೆ ತೆರಿಗೆ ಕಟ್ಟುವ ನಾವೆಲ್ಲರೂ. ದಾನಕ್ಕೆ ಕೃತಜ್ಞತೆ ಇರಲಿ, ಹಕ್ಕಿನ ನೆನಪೂ ಇರಲಿ.

ನಮ್ಮ ನೆಲದಲ್ಲೂ ಇದೆ

ಹತ್ತಾರು ಜನ ಸೇರಿ ದೊಡ್ಡದನ್ನು ಕಟ್ಟುವುದು ನಮ್ಮ ಕಡೆಗೆ ಹೊಸತಲ್ಲ. ಮೊಳಹಳ್ಳಿ ಶಿವರಾಯರ ಮುಂದಾಳುತನದಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದು ಪುತ್ತೂರಿನಲ್ಲೇ. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ಕಾಲೇಜು ತೆರೆದದ್ದರಿಂದ ಎಷ್ಟೋ ಹಳ್ಳಿಯ ಮಕ್ಕಳು ಊರಲ್ಲೇ ಪದವಿ ಓದುವಂತಾಯಿತು. ಬೆಳೆಗಾರರೇ ಸೇರಿ 1973ರಲ್ಲಿ ಕಟ್ಟಿದ ಕ್ಯಾಂಪ್ಕೊ, ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೂ ನಡೆಸುತ್ತಿದೆ. ಇವರಾರೂ ಕಂಪ್ಯೂಟರಿನಿಂದ ಹಣ ಮಾಡಿದವರಲ್ಲ. ಆದರೆ ಇವರು ನೆಟ್ಟ ಮರಗಳ ಫಲ ನಮಗೆ ಇಂದಿಗೂ ಸಿಗುತ್ತಿದೆ.

ಅಜ್ಜ ಅಜ್ಜಿಯರಿಗೆ ಎರಡು ಮಾತು

ನಿಮ್ಮ ಮನೆಯಲ್ಲಿ ಹತ್ತು ಮತ್ತು ಹನ್ನೆರಡನೆಯ ತರಗತಿಯನ್ನು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಪಾಸಾಗಿ ಪದವಿಗೋ ಡಿಪ್ಲೊಮಾಕ್ಕೋ ಸೇರುವ ಮೊಮ್ಮಗಳು ಇದ್ದರೆ, ಇದೇ ಪ್ರತಿಷ್ಠಾನದ ವಿದ್ಯಾರ್ಥಿವೇತನದ ಬಗ್ಗೆ ಕಾಲೇಜಿನಲ್ಲಿ ವಿಚಾರಿಸಿ. ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಸಿಗುತ್ತದೆ. ಅರ್ಜಿಗೆ ಶುಲ್ಕವಿಲ್ಲ. ಕೊಡಿಸುತ್ತೇನೆಂದು ಯಾರಾದರೂ ಹಣವನ್ನೋ ಒಟಿಪಿಯನ್ನೋ ಕೇಳಿದರೆ ಫೋನ್ ಇಟ್ಟುಬಿಡಿ. ಬ್ಯಾಂಕ್ ಖಾತೆ ಮಗಳ ಹೆಸರಿನಲ್ಲೇ ಇರಲಿ, ಪಾಸ್‌ಬುಕ್ಕು ಅವಳ ಕೈಯಲ್ಲೇ ಇರಲಿ.

ಎರಡನೆಯದು, ಒಂದು ದಿನ ಮೊಮ್ಮಕ್ಕಳ ಶಾಲೆಗೆ ಊಟದ ಹೊತ್ತಿಗೆ ಹೋಗಿಬನ್ನಿ. ದುಡ್ಡು ಎಲ್ಲಿಂದಲೇ ಬಂದರೂ ಬೆಳಿಗ್ಗೆ ಬೇಗ ಬಂದು ಒಲೆ ಹೊತ್ತಿಸಿ, ಬಿಸಿ ಮೊಟ್ಟೆಗಳ ಸಿಪ್ಪೆ ಸುಲಿಯುವವರು ಅಡುಗೆಯ ಅಕ್ಕಂದಿರು. ಅವರನ್ನು ಮಾತಾಡಿಸಿ. ಮಕ್ಕಳೇ, ನೀವೂ ಅಷ್ಟೇ. ಮೊಟ್ಟೆಯೋ ಬಾಳೆಹಣ್ಣೋ, ತಟ್ಟೆಯಲ್ಲಿ ಬಿಡಬೇಡಿ. ಪಕ್ಕದಲ್ಲಿ ಕೂತವರು ಬೇರೆಯದನ್ನು ತಿಂದರೆ ಗೇಲಿ ಮಾಡಬೇಡಿ.