ಮಗ್ಗ ನಿಂತಾಗಿನ ಭಯ

"ಅಕ್ಕಾರ, ಹಡದ ಮ್ಯಾಲ ಗಾಳಿ ತಡಿಯಾಕ ಆಗವಲ್ದು. ಕರೆಂಟ್ ಹೋಗಿ ಮಗ್ಗ ನಿಂತ್ರ ಎದಿ ಧಸಕ್ ಅಂತೈತ್ರಿ." ಬನಹಟ್ಟಿಯ ನೇಕಾರ ಹೆಣ್ಣುಮಗಳೊಬ್ಬಳು ಮಗ್ಗದ ಸದ್ದಿನಲ್ಲೇ ನನ್ನ ಕಿವಿಗೆ ಬಾಯಿಟ್ಟು ಹೇಳಿದ ಮಾತಿದು.

ನಗಬೇಡಿ. ಹೆರಿಗೆಯಲ್ಲಿ ಗುದದ್ವಾರ ಬಿಗಿಹಿಡಿಯುವ ಸ್ನಾಯು ಹಿಗ್ಗುತ್ತದೆ, ಒಮ್ಮೊಮ್ಮೆ ಹರಿಯುತ್ತದೆ. ಆಗ ಗಾಳಿ ನಿಲ್ಲದು, ಕೆಲವರಿಗೆ ಮಲವೂ.

ಇನ್ನು ಕೆಲವರದು ಉಲ್ಟಾ: ಮಲಬದ್ಧತೆ, ಮೂಲವ್ಯಾಧಿ. ಇದರಲ್ಲಿ ನಮ್ಮ ಮನೆಗಳ ಪಾಲೂ ಇದೆ. ಜಮಖಂಡಿ, ಮುಧೋಳ, ಬೀಳಗಿ ಕಡೆ ಬಾಣಂತಿಗೆ ಅಂಟಿನುಂಡಿ ಧಾರಾಳ, ನೀರು ಮಾತ್ರ ಅಳೆದು ಕೊಡುವ ಹಿರಿಯರು ಇನ್ನೂ ಇದ್ದಾರೆ. ಕೃಷ್ಣೆ, ಘಟಪ್ರಭೆ ಹರಿಯುವ ಸೀಮೆಯಲ್ಲಿ ಬಾಣಂತಿಗೆ ನೀರಿನ ಬರ! ಹಾಲುಣಿಸುವವಳಿಗೆ ನೀರು ಹೆಚ್ಚೇ ಬೇಕು ಕಣ್ರೀ. 180 ದಿನದ ಕಬ್ಬಿಣದ ಮಾತ್ರೆಯೂ ಹೊಟ್ಟೆ ಕಟ್ಟಿಸಬಹುದು. ಮಾತ್ರೆ ಬಿಡಬೇಡಿ, ನೀರು, ಸೊಪ್ಪು ಹೆಚ್ಚಿಸಿ.

ಗಾಳಿ ತಡೆಯುವಂತೆ ಆ ಸ್ನಾಯುವನ್ನು ಬಿಗಿಹಿಡಿದು, ಬಿಡಿ. ದಿನಾ ಮೂರು ಹೊತ್ತು, ತಿಂಗಳುಗಟ್ಟಲೆ. ಮಲ ಸೋರಿದರೆ, ರಕ್ತ ಬಿದ್ದರೆ ಡಾಕ್ಟರ್ ನೋಡಲೇಬೇಕು. ಹರಿದ ಸ್ನಾಯುವನ್ನು ಹೊಲಿಯಬಹುದು.

ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಮನೆಗೆ ಬರುತ್ತಾಳೆ. ಮನೆಮಂದಿಯೆಲ್ಲ ಸುತ್ತ ಕೂತರೆ ಬಾಣಂತಿ ಬಾಯಿ ಬಿಡುವುದು ಹೇಗೆ? ಹತ್ತು ನಿಮಿಷ ಎದ್ದುಹೋಗಿ.

ಬನಹಟ್ಟಿಯ ಆ ತಾಯಿಯ ಕೂಸಿಗೆ ಈಗ ಎರಡು ವರ್ಷ. ಗಂಡನಿಗೂ ಹೇಳಿರಲಿಲ್ಲವಂತೆ.