ಬಿಕಿನಿಯ ತೆಂಗು ಏನನ್ನು ಹೀರುತ್ತದೆ?

ಪೆಸಿಫಿಕ್ ಸಾಗರದ ಅಣ್ವಸ್ತ್ರ ಪರೀಕ್ಷೆಗಳ ಮಾತು ಬಂದರೆ ಬಹಳ ಜನ ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ: ನಡುಗಡಲಲ್ಲಿ, ಯಾರೂ ಇಲ್ಲದ ಕಡೆ ಬಾಂಬು ಸಿಡಿಸಿದರು, ಅದೂ ಎಪ್ಪತ್ತು ವರ್ಷದ ಹಿಂದೆ. ಇದರಲ್ಲಿ ವರ್ಷದ ಲೆಕ್ಕವೊಂದೇ ಸರಿ.

ಎರಡನೇ ಮಹಾಯುದ್ಧದಲ್ಲಿ ಜಪಾನಿನ ಕೈತಪ್ಪಿ ಅಮೆರಿಕದ ಕೈಸೇರಿದ ಮಾರ್ಷಲ್ ದ್ವೀಪಗಳು 1947ರಲ್ಲಿ ವಿಶ್ವಸಂಸ್ಥೆಯ ಟ್ರಸ್ಟ್ ಪ್ರದೇಶವಾದವು. ಅಲ್ಲಿನ ಜನರ ಹಿತ ಕಾಯುವ ಹೊಣೆ ಅಮೆರಿಕದ್ದು. ಕಾದದ್ದು ಹೀಗೆ: 1946ರಿಂದ 1958ರೊಳಗೆ ಬಿಕಿನಿ, ಎನೆವೆಟಾಕ್ ಹವಳ ದ್ವೀಪಗಳಲ್ಲಿ ಮತ್ತು ಅವುಗಳ ಆಸುಪಾಸಿನಲ್ಲಿ 67 ಪರೀಕ್ಷೆಗಳು. ಬಿಕಿನಿ ಖಾಲಿ ಇರಲಿಲ್ಲ, ಖಾಲಿ ಮಾಡಿಸಿದ್ದು. 1946ರ ಫೆಬ್ರುವರಿಯ ಒಂದು ಭಾನುವಾರ, ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ, ಸೇನಾಡಳಿತದ ಮುಖ್ಯಸ್ಥ ಬೆನ್ ವ್ಯಾಟ್ ಊರವರನ್ನು ಕೂರಿಸಿಕೊಂಡು, ಮನುಕುಲದ ಒಳಿತಿಗಾಗಿ ಸ್ವಲ್ಪ ಕಾಲ ಜಾಗ ಬಿಟ್ಟುಕೊಡುವಿರಾ ಎಂದು ಕೇಳಿದ. 167 ಮಂದಿ ಹೊರಟರು. ಮೊದಲು ಹೋದ ರೊಂಗೆರಿಕ್‌ನಲ್ಲಿ ಹೊಟ್ಟೆಗಿಲ್ಲದೆ ಬಳಲಿದರು. 1948ರಲ್ಲಿ ಕಿಲಿ ದ್ವೀಪಕ್ಕೆ ಸಾಗಿಸಲಾಯಿತು. ಕಿಲಿಗೆ ಹವಳದ ದಿಬ್ಬ ಸುತ್ತುವರಿದ ಒಳಗಡಲಿಲ್ಲ. ಅಲೆಯೆದ್ದ ತಿಂಗಳುಗಳಲ್ಲಿ ದೋಣಿ ಇಳಿಸುವಂತಿಲ್ಲ. ಆ ‘ಸ್ವಲ್ಪ ಕಾಲ’ ಇನ್ನೂ ಮುಗಿದಿಲ್ಲ.

ಇನ್ನೊಂದು ನಂಬಿಕೆ: ಬ್ರಾವೊ ಬಾಂಬಿನ ಬೂದಿ ಜನರ ಮೇಲೆ ಬಿದ್ದದ್ದು ಗಾಳಿಯ ತಪ್ಪು, ಬರೀ ಅಪಘಾತ. 1954ರ ಮಾರ್ಚ್ 1ರಂದು ಬಿಕಿನಿಯಲ್ಲಿ ಆ ಬಾಂಬು ಅಂದಾಜಿನ ಎರಡು ಪಟ್ಟಿಗೂ ಮೀರಿ 15 ಮೆಗಾಟನ್ ಬಲದಲ್ಲಿ, ಅಂದರೆ ಹಿರೋಶಿಮಾ ಬಾಂಬಿನ ಸುಮಾರು ಸಾವಿರ ಪಟ್ಟು ಬಲದಲ್ಲಿ ಸಿಡಿದದ್ದು ನಿಜ. ಆದರೆ ಮೇಲುಗಾಳಿ ಜನವಸತಿಯತ್ತ ತಿರುಗುತ್ತಿದೆ ಎಂಬ ವರದಿ ಸ್ಫೋಟಕ್ಕೆ ಮೊದಲೇ ಕೈಯಲ್ಲಿತ್ತು. 1946ರ ಚಿಕ್ಕ ಬಾಂಬುಗಳಿಗೇ ಹತ್ತಿರದ ರೊಂಗೆಲಾಪ್ ಹವಳ ದ್ವೀಪದವರನ್ನು ಬೇರೆಡೆ ಸಾಗಿಸಿದ್ದವರು ಈ ಸಲ ಆ ಗೋಜಿಗೇ ಹೋಗಲಿಲ್ಲ. ಪುಡಿಯಾದ ಹವಳ ಬಿಳಿ ಬೂದಿಯಾಗಿ ಉದುರಿತು. ಮಕ್ಕಳು ಅದರಲ್ಲೇ ಆಡಿದರು. ಚರ್ಮ ಸುಟ್ಟು, ಕೂದಲು ಉದುರತೊಡಗಿತು. ಹಡಗು ಬಂದು ಕರೆದೊಯ್ದದ್ದು ಎರಡು ದಿನದ ಮೇಲೆ. ಈ ಸುದ್ದಿಯ ಬೆನ್ನಿಗೇ ನೆಹರೂ ಏಪ್ರಿಲ್ 2ರಂದು ಲೋಕಸಭೆಯಲ್ಲಿ ಇಂಥ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕರೆ ಕೊಟ್ಟರು. ನಿಲ್ಲಲಿಲ್ಲ.

ಹಾಗಾದರೆ ಈಗ ಬಿಕಿನಿಯಲ್ಲಿ ಕಾಲಿಟ್ಟರೆ ವಿಕಿರಣ ಸುಟ್ಟುಬಿಡುತ್ತದೆಯೆ? ಇಲ್ಲ. ದಂಡೆಯಲ್ಲಿ ಅಡ್ಡಾಡಿದರೆ ತಗಲುವುದು ಹೆಚ್ಚೇನಲ್ಲ. ಮುಳುಗಿದ ಯುದ್ಧನೌಕೆಗಳನ್ನು ನೋಡಲು ಡೈವಿಂಗ್ ಮಾಡುವವರು ಹೋಗಿಬಂದಿದ್ದಾರೆ. ಅಪಾಯ ಕೂತಿರುವುದು ಊಟದ ತಟ್ಟೆಯಲ್ಲಿ. ಬಾಂಬುಗಳು ಉಳಿಸಿಹೋದ ವಿಕಿರಣಶೀಲ ಸೀಸಿಯಂ-137 ಗುಣದಲ್ಲಿ ಪೊಟ್ಯಾಸಿಯಂನ ದಾಯಾದಿ. ಹವಳದ ಮಣ್ಣಿನಲ್ಲಿ ಸುಣ್ಣ ಧಾರಾಳ, ಪೊಟ್ಯಾಸಿಯಂ ತೀರಾ ಕಡಿಮೆ. ತೆಂಗಿಗೆ ಪೊಟ್ಯಾಸಿಯಂ ಎಷ್ಟು ಬೇಕೆಂಬುದು ಬುಡಕ್ಕೆ ಬೂದಿ, ಪೊಟ್ಯಾಷ್ ಹಾಕುವ ನಮ್ಮ ಕರಾವಳಿಯವರಿಗೆ ಗೊತ್ತೇ ಇದೆ. ಅದು ಸಿಗದಿದ್ದಾಗ ಬೇರು ಸೀಸಿಯಂ ಅನ್ನೇ ಎಳೆದುಕೊಂಡು ಎಳನೀರಿಗೂ ಕಾಯಿಗೂ ತುಂಬುತ್ತದೆ. ದೀವಿಹಲಸು, ಕೇದಗೆ ಜಾತಿಯ ಹಣ್ಣು, ತೆಂಗಿನ ಏಡಿ ಎಲ್ಲದರದ್ದೂ ಇದೇ ಕತೆ.

ಇದನ್ನು ಜನ ಮೈಯಲ್ಲೇ ಕಲಿಯಬೇಕಾಯಿತು. 1968ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಬಿಕಿನಿಗೆ ಮರಳಬಹುದು ಎಂದರು; ಕೆಲವು ಕುಟುಂಬಗಳು ಮರಳಿದವು. ಹೊಸದಾಗಿ ನೆಟ್ಟ ತೆಂಗು ಫಲಕ್ಕೆ ಬಂದಿತು, ತಿಂದರು. ಮೈಯಲ್ಲಿ ಸೀಸಿಯಂ ಏರುತ್ತಿರುವುದು ತಪಾಸಣೆಯಲ್ಲಿ ಕಂಡಿತು. 1978ರಲ್ಲಿ ಮತ್ತೆ ಎಲ್ಲರನ್ನೂ ಹಡಗು ಹತ್ತಿಸಿದರು. ಪೊಟ್ಯಾಸಿಯಂ ಗೊಬ್ಬರ ಹರಡಿದರೆ ಮರ ಹೀರುವ ಸೀಸಿಯಂ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ ಎಂದು ಲಿವರ್‌ಮೋರ್ ಪ್ರಯೋಗಾಲಯದ ಪ್ರಯೋಗಗಳು ತೋರಿಸಿವೆ. ದಾರಿಯೇ ಇಲ್ಲವೆಂದಲ್ಲ. ಆದರೆ ಸಂತ್ರಸ್ತ ಕುಟುಂಬಗಳ ಹೊಟ್ಟೆ ಆಗಲೇ ತರಿಸಿದ ಅಕ್ಕಿಗೂ ಡಬ್ಬಿ ಮಾಂಸಕ್ಕೂ ಒಗ್ಗಿಹೋಗಿತ್ತು. ಇಂದು ಮಾರ್ಷಲ್ ದ್ವೀಪಗಳ ದೇಶ ಮಧುಮೇಹದಲ್ಲಿ ಜಗತ್ತಿನ ಮುಂಚೂಣಿಯಲ್ಲಿದೆ. ಅದನ್ನು ವಿಕಿರಣದ ತಲೆಗೆ ಕಟ್ಟುವುದು ತಪ್ಪು; ಪರೀಕ್ಷೆಗಳಿಗೂ ಅದಕ್ಕೂ ನಂಟೇ ಇಲ್ಲವೆನ್ನುವುದು ಇನ್ನೂ ದೊಡ್ಡ ತಪ್ಪು.

ವಿಕಿರಣದ ಕಾಯಿಲೆ ರಕ್ತದಲ್ಲೇ ಇಳಿದು ಮೊಮ್ಮಕ್ಕಳವರೆಗೂ ಬರುತ್ತದೆ ಎಂಬ ಹೆದರಿಕೆಯೂ ಇದೆ. ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕುಳಿದವರ ಮಕ್ಕಳನ್ನು ದಶಕಗಟ್ಟಲೆ ಪರೀಕ್ಷಿಸಿದರೂ ಅದಕ್ಕೆ ಸ್ಪಷ್ಟ ಪುರಾವೆ ಸಿಕ್ಕಿಲ್ಲ. ಖಚಿತವಾಗಿ ಗೊತ್ತಿರುವುದು ಥೈರಾಯ್ಡ್ ಹಾನಿ: ಬ್ರಾವೊ ದಿನ ರೊಂಗೆಲಾಪ್‌ನಲ್ಲಿದ್ದ ಎಳೆಯ ಮಕ್ಕಳಲ್ಲಿ ಬಹುಪಾಲು ಮಂದಿಗೆ ಮುಂದೆ ಥೈರಾಯ್ಡ್ ಗಂಟುಗಳಾದವು. ಇನ್ನು ಅಲ್ಲಿನ ಹೆಂಗಸರು ಹೇಳುವ ಗರ್ಭಪಾತ, ರೂಪವಿಲ್ಲದೆ ಹುಟ್ಟಿದ ಶಿಶುಗಳ ಮಾತನ್ನು ಪುರಾವೆಯಿಲ್ಲ ಎಂದು ತಳ್ಳಿಹಾಕುವುದು ಸುಲಭ. ಆದರೆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು ಎಂದೂ ಕೇಳಬೇಕಲ್ಲ.

ಪರೀಕ್ಷೆಗಳ ವಿಕಿರಣ ಕಸವನ್ನು ಹೂತಿಟ್ಟ ಎನೆವೆಟಾಕ್‌ನ ರುನಿಟ್ ಕಾಂಕ್ರೀಟ್ ಗುಮ್ಮಟ ಒಡೆದರೆ ಪೆಸಿಫಿಕ್ ಪೂರ್ತಿ ವಿಷವಾಗುತ್ತದೆ ಎಂಬುದು ಉತ್ಪ್ರೇಕ್ಷೆ. ಗುಮ್ಮಟಕ್ಕೆ ಮುಚ್ಚಳವುಂಟು, ತಳವಿಲ್ಲ, ಅದು ನಿಜ. ಆದರೆ ಒಳಗೆ ಹೂತದ್ದಕ್ಕಿಂತ ಹೆಚ್ಚು ವಿಕಿರಣ ವಸ್ತು ಹೊರಗೆ ಒಳಗಡಲಿನ ಕೆಸರಿನಲ್ಲೇ ಬಿದ್ದಿದೆ.

ಕೊನೆಗೆ, ಪರಿಹಾರ ಕೊಟ್ಟಾಯಿತಲ್ಲ ಎನ್ನುವವರಿಗೆ. ಮಾರ್ಷಲ್ ದ್ವೀಪಗಳ ಜೊತೆಗಿನ 1986ರ ಒಪ್ಪಂದದಲ್ಲಿ ಅಮೆರಿಕ 15 ಕೋಟಿ ಡಾಲರಿನ ನಿಧಿ ಇಟ್ಟಿತು. ಅದೇ ಒಪ್ಪಂದದಡಿ ನೇಮಕವಾದ ನ್ಯಾಯಮಂಡಳಿ ಎಲ್ಲ ಅಳೆದು ತೂಗಿ ಕೊಡಬೇಕೆಂದು ತೀರ್ಪಿತ್ತ ಮೊತ್ತ 200 ಕೋಟಿ ಡಾಲರಿಗೂ ಹೆಚ್ಚು. ನಿಧಿ ಬರಿದಾಯಿತು. ಬಾಕಿ ಕೇಳಿ ಬಿಕಿನಿಯವರು ಅಮೆರಿಕದ ಸುಪ್ರೀಂ ಕೋರ್ಟಿನ ಕದ ತಟ್ಟಿದರು. 2010ರಲ್ಲಿ ಅದು ಅರ್ಜಿಯ ವಿಚಾರಣೆಗೇ ಒಪ್ಪಲಿಲ್ಲ.