ಓಡುವ ಮೊದಲೇ ಕಂಠೀರವ ನೋಡಿ

ಶಿಡ್ಲಘಟ್ಟದ ಹೈಸ್ಕೂಲ್ ಹುಡುಗಿಯೊಬ್ಬಳು ತಾಲ್ಲೂಕಿನಲ್ಲಿ ಗೆದ್ದು, ಚಿಕ್ಕಬಳ್ಳಾಪುರದಲ್ಲಿ ಜಿಲ್ಲೆಗೂ ಮೊದಲಿಗಳಾಗಿ, ರಾಜ್ಯಮಟ್ಟದ ಓಟಕ್ಕೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಬಂದಳು ಅನ್ನಿ. ಮಣ್ಣಿನಲ್ಲಿ ಓಡಿ ರೂಢಿಯಾದ ಕಾಲಿನ ಕೆಳಗೆ ಸಿಂಥೆಟಿಕ್ ಟ್ರ್ಯಾಕ್, ಸುತ್ತ ಗ್ಯಾಲರಿ, ಮೈಕಿನ ಅಬ್ಬರ. ಅಂಗೈ ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ, ಮತ್ತೆ ಮತ್ತೆ ಶೌಚಾಲಯಕ್ಕೆ ಹೋಗಬೇಕೆನಿಸುತ್ತದೆ. ತಯಾರಿ ಕಡಿಮೆಯಾಗಿಲ್ಲ; ಜಾಗ ಹೊಸದು, ಅಷ್ಟೆ.

ಮಿದುಳಿನ ಅಮಿಗ್ಡಲಾ ಅಪಾಯದ ಸೂಚನೆ ಕೊಟ್ಟೊಡನೆ ರಕ್ತಕ್ಕೆ ಅಡ್ರಿನಲಿನ್ ಸೇರಿ ಎದೆಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ. ಇದು ಸ್ವಲ್ಪ ಇರಬೇಕು. ಚುರುಕು ಬರುವುದೇ ಇದರಿಂದ. ಮಿತಿ ಮೀರಿದರೆ ಮಾತ್ರ ಹೆಜ್ಜೆಯ ಲಯ ತಪ್ಪುತ್ತದೆ.

ಹೊಸ ಜಾಗವನ್ನು ಮೊದಲೇ ಹಳೆಯದು ಮಾಡಿಕೊಳ್ಳುವುದು ಒಂದು ಉಪಾಯ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಶೂಟರ್ ಅಭಿನವ್ ಬಿಂದ್ರಾ, ಅಲ್ಲಿನ ವಿಶಾಲ ಹಾಲ್‌ಗೆ ಒಗ್ಗಿಕೊಳ್ಳಲೆಂದು ಮದುವೆ ಛತ್ರವೊಂದರಲ್ಲಿ ಅಭ್ಯಾಸ ಮಾಡಿದ್ದರು. ಈಗ ಆ ಛತ್ರದ ಕೆಲಸವನ್ನು ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ಮಾಡಬಲ್ಲದು. ಹೆಡ್‌ಸೆಟ್ ಎರಡು ಕಣ್ಣಿಗೂ ತುಸು ಬೇರೆ ಬೇರೆ ಚಿತ್ರ ತೋರಿಸುವುದರಿಂದ ದೃಶ್ಯಕ್ಕೆ ಆಳ ಬರುತ್ತದೆ. ತಲೆ ತಿರುಗಿಸಿದರೆ ಸೆನ್ಸರ್ ಗುರುತಿಸಿ ದೃಶ್ಯವನ್ನೂ ತಿರುಗಿಸುತ್ತದೆ. ಕ್ರೀಡಾಂಗಣ ನಿಜವಲ್ಲವೆಂದು ಬುದ್ಧಿಗೆ ಗೊತ್ತು, ಆದರೂ ಎದೆ ಬಡಿದುಕೊಳ್ಳುತ್ತದೆ. ಆಗಲೇ ನಿಧಾನವಾಗಿ, ನಿಮಿಷಕ್ಕೆ ಸುಮಾರು 6 ಸಲ ಉಸಿರಾಡುವ ಅಭ್ಯಾಸ ಮಾಡಿಸಿದರೆ ಬಡಿತ ಇಳಿಯುತ್ತದೆ. ಹೀಗೆ ಹಲವು ಸಲ ಆದ ಮೇಲೆ ‘ಇಲ್ಲಿ ಅಪಾಯವಿಲ್ಲ’ ಎಂಬ ಹೊಸ ನೆನಪನ್ನು ಮಿದುಳು ಕಟ್ಟಿಕೊಳ್ಳುತ್ತದೆ. ಇದೇ ತತ್ವದ ಮೇಲೆ, ಎತ್ತರಕ್ಕೆ ಹೆದರುವವರನ್ನು ವಿಆರ್‌ನ ಸೇತುವೆ, ಗಾಜಿನ ಲಿಫ್ಟ್‌ಗಳಲ್ಲಿ ನಿಲ್ಲಿಸಿದಾಗ ಭಯ ತಗ್ಗಿದ್ದನ್ನು ಅಮೆರಿಕದ ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು 1995ರಲ್ಲೇ ದಾಖಲಿಸಿದ್ದರು.

ಹಾಗೆಂದು ಇದು ಮಂತ್ರದಂಡವಲ್ಲ. ಕ್ರೀಡಾಪಟುಗಳ ಮೇಲೆ ನಡೆದ ಅಧ್ಯಯನಗಳು ಬಹುಪಾಲು ಚಿಕ್ಕವು. ಕಣ್ಣು ‘ಚಲಿಸುತ್ತಿದ್ದೇವೆ’ ಎಂದು, ಒಳಕಿವಿ ‘ಇಲ್ಲ’ ಎಂದು ಹೇಳಿದಾಗ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಆದ್ದರಿಂದ ಸ್ಪರ್ಧೆಯ ದಿನ ಮೊದಲ ಬಾರಿಗೆ ಹೆಡ್‌ಸೆಟ್ ಹಾಕಿಸಲೇಬಾರದು. ಕೆಲವು ವಾರ ಮುಂಚೆ, ಕೆಲವೇ ನಿಮಿಷಗಳಿಂದ ಶುರುಮಾಡಬೇಕು.

ದೊಡ್ಡ ನಗರದ ಆಟಗಾರರಿಗೆ ದೊಡ್ಡ ಮೈದಾನ ದಿನವೂ ಸಿಗುತ್ತದೆ. ವಿಆರ್‌ನ ನಿಜವಾದ ಲಾಭ ಆಗಬೇಕಾದದ್ದು ಗೌರಿಬಿದನೂರು, ಚಿಂತಾಮಣಿಯ ಮಕ್ಕಳಿಗೆ. 360 ಡಿಗ್ರಿ ಕ್ಯಾಮೆರಾದಲ್ಲಿ ಕಂಠೀರವವನ್ನು ಒಮ್ಮೆ ಚಿತ್ರಿಸಿಟ್ಟರೆ ಅದೇ ವಿಡಿಯೊ ಎಲ್ಲ ತಾಲ್ಲೂಕಿನ ಪಿ.ಟಿ. ಮೇಷ್ಟ್ರುಗಳಿಗೂ ಸಾಕು. ನೋಡಲು ಮೊಬೈಲ್ ಮತ್ತು ಅದನ್ನು ಸಿಕ್ಕಿಸುವ ರಟ್ಟಿನ ಪೆಟ್ಟಿಗೆ ಇದ್ದರೂ ನಡೆಯುತ್ತದೆ.